ಬೆನ್ನಿಗೆ ಬಿದ್ದ ಬಿಲ್

ಅಮೆರಿಕದಲ್ಲಿ 65 ದಾಟಿದವರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆಗೆ ಮೆಡಿಕೇರ್ ಅಂತ ಹೆಸರು. 1973ರಿಂದ 1999ರ ಕೊನೆಯವರೆಗೂ ಅದರಲ್ಲೊಂದು ನಿಯಮ ಇತ್ತು. ಬೆನ್ನುನೋವು ಅಂತ ನೀವು ಕೈರೊಪ್ರಾಕ್ಟರ್ ಹತ್ತಿರ ಹೋದಿರಿ ಅಂತಿಟ್ಕೊಳ್ಳಿ. ಆತ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಮಾಡಿದ್ದಕ್ಕೆ ಮೆಡಿಕೇರ್ ದುಡ್ಡು ಕೊಡುತ್ತೆ. ಆದರೆ ಮೂಳೆ ಜರುಗಿತ್ತು ಅನ್ನೋದಕ್ಕೆ ಎಕ್ಸ್‌ರೇ ಸಾಕ್ಷಿ ಇರಲೇಬೇಕು. ಆ ಎಕ್ಸ್‌ರೇ ಖರ್ಚು ಯಾರದು? ಕೈರೊಪ್ರಾಕ್ಟರ್ ತೆಗೆದ ಎಕ್ಸ್‌ರೇಗೆ ಮೆಡಿಕೇರ್ ಒಂದು ಸೆಂಟೂ ಕೊಡ್ತಿರಲಿಲ್ಲ. ಸಾಕ್ಷಿ ಬೇಕೇ ಬೇಕು, ಅದರ ಖರ್ಚು ಮಾತ್ರ ನಿಮ್ಮದು.

ಓದಿದರೆ ಶುಕ್ರವಾರ ಸಂಜೆ ಯಾರೋ ಅವಸರದಲ್ಲಿ ಬರೆದು ಮನೆಗೆ ಓಡಿದ ಕೋಡ್ ಥರ ಕಾಣುತ್ತೆ. ಹಳೇ ಕೋಡ್ ಓದೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಂದು ವಿಷಯ ಗೊತ್ತು: ಇಂಥ ತಲೆಬುಡ ಇಲ್ಲದ ಸಾಲನ್ನು ಯಾರೂ ಸುಮ್ಮನೆ ಬರೆದಿರಲ್ಲ. ಅದರ ಹಿಂದೆ ಇಬ್ಬರ ಜಗಳ, ಮೂರನೆಯವನ ರಾಜಿ ಇರುತ್ತೆ. ಇಲ್ಲೂ ಹಾಗೇ. ಅಮೆರಿಕದಲ್ಲಿ ಇವತ್ತಿಗೂ ಕೈರೊಪ್ರಾಕ್ಟಿಕ್ ಬಿಲ್ ಒಂದು ಸಾಲಿಗೆ ವಿಮೆ ಸಿಕ್ಕು ಮಿಕ್ಕ ನಾಲ್ಕು ಸಾಲಿಗೆ ಸಿಗದೇ ಇರೋದಕ್ಕೆ ಕಾರಣ ಹುಡುಕ್ತಾ ಹೋದರೆ, ನೂರು ವರ್ಷದ ಹಿಂದೆ ಜೈಲು ತಪ್ಪಿಸಿಕೊಳ್ಳೋಕೆ ಬಳಸಿದ ಕೆಲವು ಪದಗಳ ಹತ್ತಿರ ಬಂದು ನಿಲ್ಲುತ್ತೇವೆ.

ಶುರುವಾಗಿದ್ದು 1895ರ ಸೆಪ್ಟೆಂಬರ್‌ನಲ್ಲಿ, ಐಯೊವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ. ಮಿಸಿಸಿಪ್ಪಿ ನದಿ ದಂಡೆಯ ಊರು. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಅಂತ ಒಬ್ಬ ಇದ್ದ. ಕೆನಡಾದಲ್ಲಿ ಹುಟ್ಟಿದವನು, ಮೇಷ್ಟ್ರಾಗಿದ್ದ, ಜೇನು ಸಾಕಿದ್ದ, ಕಿರಾಣಿ ಅಂಗಡಿ ಇಟ್ಟಿದ್ದ, ಆಮೇಲೆ ‘ಕಾಂತ ಚಿಕಿತ್ಸೆ’ ಅಂತ ಬೋರ್ಡು ಹಾಕಿಕೊಂಡು ಕೂತಿದ್ದ. ಅದೇ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ ಹಾರ್ವೆ ಲಿಲ್ಲಾರ್ಡ್ ಎಂಬ ಕರಿಯ ಸಮುದಾಯದವನಿಗೆ 17 ವರ್ಷದಿಂದ ಕಿವಿ ಸರಿಯಾಗಿ ಕೇಳ್ತಿರಲಿಲ್ಲ. ಬೆನ್ನಿನಲ್ಲಿ ಏನೋ ಕಳಕ್ ಅಂದ ದಿನದಿಂದ ಹೀಗಾಯ್ತು ಅಂತ ಅವನು ಹೇಳಿದನಂತೆ. ಪಾಮರ್ ಬೆನ್ನು ಮುಟ್ಟಿ ನೋಡಿ, ಉಬ್ಬಿದ್ದ ಮೂಳೆಯನ್ನು ಒಂದೇ ಏಟಿಗೆ ಒತ್ತಿದ. ಕಿವಿ ಕೇಳಿಸಿತು. ಇದು ಪಾಮರ್ ಹೇಳಿದ ಕಥೆ. ಲಿಲ್ಲಾರ್ಡ್‌ನ ಮಗಳು ಮುಂದೆ ಹೇಳಿದ್ದು ಬೇರೆಯೇ: ಅಪ್ಪ ಯಾರ ಜೊತೆಗೋ ತಮಾಷೆ ಮಾಡ್ತಾ ನಿಂತಿದ್ದಾಗ, ನಗು ತಡೆಯಲಾಗದ ಪಾಮರ್ ಕೈಲಿದ್ದ ಪುಸ್ತಕದಿಂದ ಬೆನ್ನಿಗೆ ಬಡಿದನಂತೆ. ಕಿವಿಯ ನರ ಬೆನ್ನುಮೂಳೆಯೊಳಗೆ ಹಾದುಹೋಗೋದೇ ಇಲ್ಲ ಅಂತ ಡಾಕ್ಟರುಗಳು ಅವತ್ತಿಂದ ಇವತ್ತಿನವರೆಗೂ ಹೇಳ್ತಾನೇ ಇದ್ದಾರೆ.

ಬೆನ್ನಿನ ಉಳುಕು ತೆಗೆಯೋದು ಪಾಮರ್ ಕಂಡುಹಿಡಿದ ವಿದ್ಯೆಯೇನಲ್ಲ. ನಮ್ಮೂರ ಕಡೆ ಸೊಂಟ ಹಿಡಿದುಕೊಂಡರೆ, ಕಾಲು ಮುಂದಾಗಿ ಹುಟ್ಟಿದವರ ಕೈಲಿ, ಅಲ್ಲ, ಕಾಲಲ್ಲಿ ಮೂರು ಸಲ ಒದೆಸಿಕೊಳ್ಳುವ ಪದ್ಧತಿ ಇತ್ತು. ದೊಡ್ಡಪ್ಪಂದಿರು ಆರನೇ ಕ್ಲಾಸಿನ ಹುಡುಗನ ಮುಂದೆ ಬೋರಲು ಮಲಗಿ “ಮೆಲ್ಲಗೆ ಒದಿಯಪ್ಪಾ” ಅಂತ ಬೇಡಿಕೊಳ್ಳೋದನ್ನ ನೋಡಿ ಬೆಳೆದವನು ನಾನು. ಫೀಸು ಅಂದ್ರೆ ಒಂದು ಲೋಟ ಕಾಫಿ. ಯಾವ ಸರ್ಕಾರವೂ ಆ ಹುಡುಗನಿಗೆ ಲೈಸೆನ್ಸ್ ಕೇಳಲಿಲ್ಲ.

ಪಾಮರ್‌ನನ್ನ ಕೇಳಿದರು. ಅವನು ಕೆಲಸಕ್ಕೆ ಗ್ರೀಕ್ ಮೂಲದ ಹೆಸರಿಟ್ಟ (ಕೈಯಿಂದ ಮಾಡುವುದು ಅನ್ನೋ ಅರ್ಥ), 1897ರಲ್ಲಿ ಶಾಲೆ ತೆರೆದ, ಕಾಯಿಲೆಗಳಲ್ಲಿ ಬಹುಪಾಲಿಗೆ ಬೆನ್ನುಮೂಳೆ ಜರುಗಿರೋದೇ ಕಾರಣ ಅಂತ ಸಾರಿದ. ಜರುಗೋದಕ್ಕೆ ಇಟ್ಟುಕೊಂಡ ಹೆಸರು ‘ಸಬ್‌ಲಕ್ಸೇಶನ್’. ಮೂಳೆ ಡಾಕ್ಟರುಗಳ ನಿಘಂಟಿನಲ್ಲಿ ಈ ಪದಕ್ಕೆ ಕೀಲು ಅರ್ಧ ತಪ್ಪಿರೋದು ಅಂತ ಅರ್ಥ. ಪಾಮರ್ ಬಳಗದವರಿಗೆ ಅದಕ್ಕಿಂತ ಎಷ್ಟೋ ಸೂಕ್ಷ್ಮವಾದದ್ದು, ನರದ ಮೇಲೆ ಒತ್ತಡ ತರುವಂಥದ್ದು. 1906ರಲ್ಲಿ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಅಂತ ಕೋರ್ಟು ಅವನಿಗೆ 350 ಡಾಲರ್ ದಂಡ ಹಾಕಿತು, ಇಲ್ಲದಿದ್ದರೆ 105 ದಿನ ಜೈಲು. ಆಸಾಮಿ ಜೈಲೇ ಇರಲಿ ಅಂದ. 23 ದಿನ ಆದಮೇಲೆ ಸಾಕಾಗಿ ದಂಡ ಕಟ್ಟಿ ಹೊರಗೆ ಬಂದ.

ಅದೇ ವರ್ಷ ಡೇವನ್‌ಪೋರ್ಟ್‌ನಲ್ಲಿ ಯೂನಿವರ್ಸಲ್ ಕೈರೊಪ್ರಾಕ್ಟರ್ಸ್ ಅಸೋಸಿಯೇಷನ್ ಅಂತ ಒಂದು ಸಂಘ ಹುಟ್ಟಿತು. ಇತಿಹಾಸದ ಈ ತುಣುಕು ನನಗೆ ತುಂಬಾ ಇಷ್ಟ. ಸದಸ್ಯರು ಚಂದಾ ಕಟ್ಟಬೇಕು. ಯಾರನ್ನಾದರೂ ಪೊಲೀಸರು ಹಿಡಿದರೆ ವಕೀಲರ ಖರ್ಚು ಸಂಘದ್ದು. ಅಂದ್ರೆ ಈ ಕಸುಬಿನ ಸುತ್ತ ಹುಟ್ಟಿದ ಮೊದಲನೇ ವಿಮೆ ರೋಗಿಯ ಬೆನ್ನಿಗಲ್ಲ, ಬೆನ್ನು ಒತ್ತುವವನ ಬೇಲಿಗೆ.

ಅದರ ಮೊದಲ ದೊಡ್ಡ ಕೇಸು 1907ರಲ್ಲಿ, ವಿಸ್ಕಾನ್ಸಿನ್‌ನ ಲಾ ಕ್ರಾಸ್ ಊರಲ್ಲಿ ನಡೆಯಿತು. ಆರೋಪಿ ಶೆಗತಾರೊ ಮೊರಿಕುಬೊ, ಜಪಾನ್‌ನಿಂದ ಬಂದವನು, ಪಾಮರ್ ಶಾಲೆಯಲ್ಲಿ ಕಲಿತವನು. ಲೈಸೆನ್ಸ್ ಇಲ್ಲದೆ ಆಸ್ಟಿಯೋಪತಿ ಮಾಡಿದ ಅನ್ನೋದು ಆರೋಪ. ಅದೂ ಮೂಳೆ-ಸ್ನಾಯು ತಿದ್ದುವ ಪದ್ಧತಿಯೇ, ಆದರೆ ಅದಕ್ಕೆ ಆ ರಾಜ್ಯದಲ್ಲಿ ಲೈಸೆನ್ಸ್ ಇತ್ತು. ವಕೀಲ ಟಾಮ್ ಮಾರಿಸ್ ಕೋರ್ಟಿನಲ್ಲಿ ಹೂಡಿದ ವಾದ ಸರಳ: ಇದು ಆಸ್ಟಿಯೋಪತಿ ಅಲ್ಲವೇ ಅಲ್ಲ. ಇದಕ್ಕೆ ತನ್ನದೇ ತತ್ವ ಇದೆ, ತನ್ನದೇ ಪುಸ್ತಕ ಇದೆ. ಜ್ಯೂರಿ ಒಪ್ಪಿತು, ಮೊರಿಕುಬೊ ಖುಲಾಸೆಯಾದ. ಅಲ್ಲಿಂದ ಮುಂದೆ ಈ ಬಳಗದ ಮಾತಿನ ಧಾಟಿಯೇ ಬಿಗಿಯಾಯ್ತು. ನಾವು ರೋಗ ಪತ್ತೆ ಮಾಡಲ್ಲ, ಬೆನ್ನುಮೂಳೆ ವಿಶ್ಲೇಷಿಸ್ತೇವೆ. ಚಿಕಿತ್ಸೆ ಕೊಡಲ್ಲ, ‘ಅಡ್ಜಸ್ಟ್’ ಮಾಡ್ತೇವೆ. ಬೆನ್ನುನೋವಿಗಲ್ಲ, ಸಬ್‌ಲಕ್ಸೇಶನ್‌ಗೆ. ವೈದ್ಯಕೀಯ ಕಾನೂನಿನ ಒಂದು ಪದವೂ ತಮ್ಮ ಮೈಗೆ ತಾಕದ ಹಾಗೆ ನೋಡಿಕೊಂಡರು. ಜೈಲು ತಪ್ಪಿಸೋಕೆ ಇದು ಜಾಣತನವೇ. ಅರವತ್ತು ವರ್ಷ ಆದಮೇಲೆ ಇದೇ ಪದಗಳು ಬೇಲಿಯಾಗಿ ನಿಲ್ಲುತ್ತವೆ ಅಂತ ಆಗ ಯಾರಿಗೆ ಗೊತ್ತಿತ್ತು.

ಅಪ್ಪನ ನಂತರ ಮಗ ಬಾರ್ಟ್ಲೆಟ್ ಜೋಶುವಾ ಪಾಮರ್ ಶಾಲೆ ವಹಿಸಿಕೊಂಡ. ಎಲ್ಲರೂ ಬಿ.ಜೆ. ಅಂತಾರೆ. ವ್ಯಾಪಾರಿ ಅಂದ್ರೆ ವ್ಯಾಪಾರಿ. 1922ರಲ್ಲಿ ಡಬ್ಲ್ಯೂಒಸಿ ರೇಡಿಯೋ ಸ್ಟೇಷನ್ ಕೊಂಡ. ಹತ್ತು ವರ್ಷದ ನಂತರ ಅಲ್ಲಿ ಅನೌನ್ಸರ್ ಕೆಲಸಕ್ಕೆ ಸೇರಿದ ಹುಡುಗನ ಹೆಸರು ರೊನಾಲ್ಡ್ ರೇಗನ್. 1924ರಲ್ಲಿ ಬೆನ್ನಿನ ಶಾಖ ಅಳೆಯುವ ಒಂದು ಯಂತ್ರ ತಂದು, ಅದನ್ನು ಮಾರದೆ ಬಾಡಿಗೆಗೆ ಮಾತ್ರ ಕೊಟ್ಟ. ಇವತ್ತಿನ ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್ ನೋಡಿ ಮುಖ ಸಿಂಡರಿಸುವ ನಾವೆಲ್ಲ ಅವನಿಗೊಂದು ನಮಸ್ಕಾರ ಹಾಕಬೇಕು. ದುಬಾರಿ ಬಾಡಿಗೆ ನೋಡಿ ಅವನ ಶಿಷ್ಯರೇ ಸಿಟ್ಟಾದರು, ಬಳಗ ಒಡೆಯಿತು. ನಮ್ಮ ಕಥೆಗೆ ಬೇಕಾದ್ದು ಇದಕ್ಕೂ ಮೊದಲಿನದು: 1910ರಲ್ಲಿ ಬಿ.ಜೆ. ಶಾಲೆಗೆ ಎಕ್ಸ್‌ರೇ ತರಿಸಿದ. ಸಬ್‌ಲಕ್ಸೇಶನ್ ಕಣ್ಣಿಗೆ ಕಾಣುತ್ತೆ, ಫೋಟೋ ತೆಗೆದು ತೋರಿಸ್ತೀವಿ ಅನ್ನೋದು ಬಳಗದ ಹೆಮ್ಮೆಯ ಮಾತಾಯ್ತು.

ಲೈಸೆನ್ಸ್ ಕಥೆ ಬೇಗ ಹೇಳಿ ಮುಗಿಸ್ತೀನಿ. ಕಾನ್ಸಾಸ್ 1913ರಲ್ಲಿ ಮೊದಲ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ನೂರಾರು ಜನ ದಂಡ ಕಟ್ಟಲ್ಲ ಅಂತ ಜೈಲಿಗೆ ಹೋದರು. 1922ರಲ್ಲಿ ಅಲ್ಲಿನ ಮತದಾರರೇ ನೇರ ಮತದಾನದಲ್ಲಿ ಕಾನೂನು ಪಾಸು ಮಾಡಿದರು. ಕೊನೆಯ ರಾಜ್ಯ ಲೂಸಿಯಾನಾ, 1974. ಇಷ್ಟು ವರ್ಷ ರೋಗಿ ಜೇಬಿನಿಂದಲೇ ಕೊಡ್ತಿದ್ದ.

1965ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್‌ಗೆ ಸಹಿ ಹಾಕಿದಾಗ ಅದರಲ್ಲಿ ಕೈರೊಪ್ರಾಕ್ಟರ್‌ಗಳು ಇರಲಿಲ್ಲ. ಎರಡು ವರ್ಷದ ನಂತರ ಸಂಸತ್ತು ಆರೋಗ್ಯ ಇಲಾಖೆಗೆ, ಇವರನ್ನೂ ಸೇರಿಸಬಹುದಾ, ನೋಡಿ ಹೇಳಿ ಅಂತು. 1968ರಲ್ಲಿ ಇಲಾಖೆಯ ವರದಿ ಬಂತು: ಬೇಡ. ಇವರ ತತ್ವಕ್ಕೆ ಪುರಾವೆ ಇಲ್ಲ, ರೋಗ ಪತ್ತೆ ಮಾಡುವಷ್ಟು ತರಬೇತಿಯೂ ಸಾಲದು ಅಂತ. ಒಂದು ತಾಂತ್ರಿಕ ವರದಿ ಇಷ್ಟು ಸ್ಪಷ್ಟವಾಗಿ ಬೇಡ ಅಂದಮೇಲೆ ಕೆಲಸ ಮುಗೀಬೇಕಿತ್ತು. ಮುಗಿಯಲಿಲ್ಲ. ಯಾಕಂದ್ರೆ ಬೆನ್ನುನೋವು ಇರೋ ಮುದುಕರಿಗೆ ವೋಟಿದೆ. ರೋಗಿಗಳಿಂದ ಸಂಸದರ ಮೇಜಿಗೆ ಪತ್ರಗಳ ರಾಶಿ ಬಿತ್ತು. ಹಳ್ಳಿಗಾಡಿನ ಎಷ್ಟೋ ಊರಲ್ಲಿ ಬೆನ್ನು ಮುಟ್ಟಿ ನೋಡೋಕೆ ಇದ್ದವನು ಕೈರೊಪ್ರಾಕ್ಟರ್ ಒಬ್ಬನೇ ಅನ್ನೋದೂ ನಿಜ.

1972ರ ಅಕ್ಟೋಬರ್ 30ರಂದು ನಿಕ್ಸನ್ ಸಹಿ ಹಾಕಿದ ತಿದ್ದುಪಡಿಯಲ್ಲಿ ಕೈರೊಪ್ರಾಕ್ಟರ್ ಒಳಗೆ ಬಂದ. ಆದರೆ ಹೇಗೆ? ಬೆನ್ನುಮೂಳೆಯನ್ನು ಕೈಯಿಂದ ತಿದ್ದುವುದು, ಅಷ್ಟೇ. ಅದೂ ಸಬ್‌ಲಕ್ಸೇಶನ್ ತಿದ್ದಲು. ಅದೂ ಎಕ್ಸ್‌ರೇಯಲ್ಲಿ ಕಂಡಿದ್ದರೆ ಮಾತ್ರ. ಪರೀಕ್ಷೆ ಮಾಡಿದ್ದಕ್ಕೆ ದುಡ್ಡಿಲ್ಲ, ಎಕ್ಸ್‌ರೇಗಿಲ್ಲ, ಶಾಖ ಕೊಟ್ಟಿದ್ದಕ್ಕಿಲ್ಲ, ಮಸಾಜಿಗಿಲ್ಲ. ವಿರೋಧಿಗಳು ಒಟ್ಟಾರೆ ಖರ್ಚು ಕಟ್ಟಿಹಾಕಿದರು, ಬೆಂಬಲಿಗರು ಬಾಗಿಲಲ್ಲಿ ಕಾಲಿಟ್ಟರು. ನನಗೆ ಇಲ್ಲಿ ಕಾಣೋದು ಒಂದು ಕುಹಕ: ಎಕ್ಸ್‌ರೇಯಲ್ಲಿ ತೋರಿಸ್ತೀವಿ ಅಂತ ಅರವತ್ತು ವರ್ಷ ನೀವೇ ಹೇಳ್ತಿದ್ರಲ್ಲ, ತೋರಿಸಿ ಮತ್ತೆ. ಚಿಕಿತ್ಸೆ ಕೊಡಲ್ಲ, ಅಡ್ಜಸ್ಟ್ ಮಾಡ್ತೀವಿ ಅಂತಿದ್ರಲ್ಲ, ಸರಿ, ಅದಕ್ಕೆ ಮಾತ್ರ ದುಡ್ಡು ತಗೊಳ್ಳಿ. 1973ರ ಜುಲೈನಿಂದ ಜಾರಿಗೆ ಬಂತು. 1975ರ ಫೆಬ್ರವರಿಯಲ್ಲಿ ಸಂಸತ್ತಿನ ದುಡ್ಡಿನಲ್ಲೇ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ವಿಜ್ಞಾನಿಗಳನ್ನು, ಡಾಕ್ಟರುಗಳನ್ನು, ಕೈರೊಪ್ರಾಕ್ಟರ್‌ಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಚರ್ಚೆ ಮಾಡಿಸಿದರು. ಕೊನೆಗೆ ಬಂದ ತೀರ್ಮಾನ: ಪರವಾಗಿ ಹೇಳೋಕೂ ಪುರಾವೆ ಸಾಲದು, ವಿರುದ್ಧವಾಗಿ ಹೇಳೋಕೂ ಸಾಲದು.

ಇಷ್ಟು ಹೊತ್ತಿಗೆ ಡಾಕ್ಟರುಗಳ ಸಂಘ, ಅಂದ್ರೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಹತ್ತು ವರ್ಷದಿಂದ ಬೇರೆ ಕೆಲಸದಲ್ಲಿತ್ತು. 1963ರಲ್ಲಿ ‘ನಕಲಿ ವೈದ್ಯ’ದ ಮೇಲೆ ಸಮಿತಿ ಮಾಡಿಕೊಂಡಿತ್ತು. ಸಮಿತಿಯ ಗುರಿ ಮುಖ್ಯವಾಗಿ ಕೈರೊಪ್ರಾಕ್ಟಿಕ್. ಸದಸ್ಯ ಡಾಕ್ಟರು ಇವರಿಗೆ ರೋಗಿಗಳನ್ನು ಕಳಿಸೋ ಹಾಗಿಲ್ಲ, ಇವರು ಕಳಿಸಿದವರನ್ನು ನೋಡೋ ಹಾಗಿಲ್ಲ, ಒಟ್ಟಿಗೆ ಕೆಲಸ ಮಾಡೋದಂತೂ ದೂರ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಹಿಷ್ಕಾರ. ಸಂಘದ ಒಳಗಿನ ಕಾಗದಪತ್ರಗಳು 1975ರಲ್ಲಿ ಸೋರಿ ಪತ್ರಿಕೆಗಳಿಗೆ ಸಿಕ್ಕವು. ಮರುವರ್ಷ ಚೆಸ್ಟರ್ ವಿಲ್ಕ್ ಮತ್ತು ಅವನ ಜೊತೆಗಾರರು ಶಿಕಾಗೊ ಕೋರ್ಟಿಗೆ ಹೋದರು. 1981ರಲ್ಲಿ ಜ್ಯೂರಿ ಮುಂದೆ ಸೋತರು, ಮೇಲ್ಮನವಿಯಲ್ಲಿ ಮರುವಿಚಾರಣೆ ಗಿಟ್ಟಿಸಿಕೊಂಡರು. 1987ರಲ್ಲಿ ನ್ಯಾಯಾಧೀಶೆ ಸುಸಾನ್ ಗೆಟ್ಜೆಂಡಾನರ್ ತೀರ್ಪು ಕೊಟ್ಟರು: ಸಂಘ ನಡೆಸಿದ್ದು ವ್ಯಾಪಾರ ಪೈಪೋಟಿ ಕಾನೂನಿಗೆ ವಿರುದ್ಧವಾದ ಬಹಿಷ್ಕಾರ. ತಡೆಯಾಜ್ಞೆಯನ್ನು ಸಂಘ ತನ್ನದೇ ಜರ್ನಲ್‌ನಲ್ಲಿ ಅಚ್ಚು ಹಾಕಬೇಕಾಯ್ತು. 1990ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು.

ಈ ತೀರ್ಪನ್ನು ‘ಕೈರೊಪ್ರಾಕ್ಟಿಕ್ ವಿಜ್ಞಾನ ಅಂತ ಕೋರ್ಟ್ ಒಪ್ಪಿತು’ ಅಂತ ಹೇಳೋರಿದ್ದಾರೆ. ಒಪ್ಪಲಿಲ್ಲ. ನ್ಯಾಯಾಧೀಶೆ ಆ ಪ್ರಶ್ನೆಯನ್ನೇ ಮುಟ್ಟಲಿಲ್ಲ. ಆದರೆ ತೀರ್ಪಿನ ನಂತರ ಡಾಕ್ಟರು ರೋಗಿಯನ್ನು ಅತ್ತ ಕಳಿಸಬಹುದು, ವಿಮೆ ಕಂಪನಿ ಮುಜುಗರ ಇಲ್ಲದೆ ತನ್ನ ಪಟ್ಟಿಗೆ ಸೇರಿಸಿಕೊಳ್ಳಬಹುದು ಅಂತಾಯ್ತು. ವಿಜ್ಞಾನದ ಬಾಗಿಲು ತೆರೆದಿದ್ದು ಬೇರೆ ಕಡೆಯಿಂದ, ನಿಧಾನಕ್ಕೆ. 1994ರಲ್ಲಿ ಸರ್ಕಾರಿ ಸಂಶೋಧನಾ ಏಜೆನ್ಸಿಯ ಮಾರ್ಗಸೂಚಿ, ಹೊಸದಾಗಿ ಶುರುವಾದ ಸೊಂಟನೋವಿಗೆ ಕೈಯಿಂದ ತಿದ್ದುವುದೂ ಒಂದು ದಾರಿ ಅಂತು. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಕೂಡ ಮಾತ್ರೆಗೆ ಮೊದಲು ನೋಡಬಹುದಾದ ದಾರಿಗಳಲ್ಲಿ ಇದನ್ನು ಸೇರಿಸಿತು, ಪುರಾವೆ ದುರ್ಬಲ ಅಂತ ಪಕ್ಕದಲ್ಲೇ ಬರೆದು. ಗಮನಿಸಿ, ಎರಡೂ ಕಡೆ ಮಾತು ಸೊಂಟನೋವಿನದು. ಸಬ್‌ಲಕ್ಸೇಶನ್‌ದಲ್ಲ, ಕಿವುಡಿನದಂತೂ ಅಲ್ಲ.

ಮೆಡಿಕೇರ್ ಮಾತ್ರ ಹಳೇ ಪದ ಬಿಡಲಿಲ್ಲ. 1997ರ ಕಾಯ್ದೆ ಎಕ್ಸ್‌ರೇ ಕಡ್ಡಾಯವನ್ನು ತೆಗೆಯಿತು, 2000ದ ಜನವರಿ 1ರಿಂದ ಜಾರಿ. ಸಾಕ್ಷಿಯ ಜಾಗಕ್ಕೆ ನಾಲ್ಕು ಲಕ್ಷಣ ಬಂದವು: ನೋವು, ಎಡಬಲ ಹೊಂದದಿರುವುದು, ಕೀಲಿನ ಚಲನೆಯಲ್ಲಿ ವ್ಯತ್ಯಾಸ, ಸ್ನಾಯುವಿನ ಬಿಗಿತದಲ್ಲಿ ಬದಲಾವಣೆ. ಇದರಲ್ಲಿ ಎರಡಾದರೂ ಇರಬೇಕು, ಎರಡರಲ್ಲಿ ಒಂದು ಮಧ್ಯದ ಎರಡರ ಪೈಕಿಯದ್ದಾಗಿರಬೇಕು. ಪರೀಕ್ಷಿಸಿಯೇ ಬರೆಯಬೇಕು. ಪರೀಕ್ಷೆಗೆ ದುಡ್ಡು? ಈಗಲೂ ಇಲ್ಲ.

ಒಬ್ಬ ಎಪ್ಪತ್ತರ ಐಯೊವಾ ರೈತನ ಬಿಲ್ ಹೇಗಿರುತ್ತೆ ನೋಡೋಣ. ಮೊದಲ ಪರೀಕ್ಷೆ, ಎಕ್ಸ್‌ರೇ, ಬೆನ್ನು ಅಡ್ಜಸ್ಟ್, ಕೊನೆಗೆ ಶಾಖ. ನಾಲ್ಕರಲ್ಲಿ ಮೂರು ಪೂರ್ತಿ ಅವನ ಜೇಬಿನಿಂದ. ಅಡ್ಜಸ್ಟ್ ಮಾಡಿದ್ದಕ್ಕೆ ಮೂರು ಕೋಡ್ ಇವೆ: ಬೆನ್ನಿನ ಒಂದೆರಡು ಭಾಗಕ್ಕೆ 98940, ಮೂರು-ನಾಲ್ಕಕ್ಕೆ 98941, ಐದಕ್ಕೆ 98942. ವರ್ಷದ ಮೊದಲ ಡಿಡಕ್ಟಿಬಲ್ (2025ರಲ್ಲಿ 257 ಡಾಲರ್) ಅವನು ಮುಗಿಸಿದ್ದರೆ, ಮೆಡಿಕೇರ್ ಒಪ್ಪಿದ ದರದ 80% ಅದು ಕೊಡುತ್ತೆ, 20% ಅವನು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಪ್ಪಿದ ದರ 40 ಡಾಲರ್ ಅಂದುಕೊಂಡರೆ ಅವನ ಪಾಲು 8. ಕೇಳೋಕೆ ಅಗ್ಗ. ಆದರೆ ಉಳಿದ ಮೂರು ಸಾಲು ಸೇರಿದರೆ ಆ ದಿನ ಅವನು ಕೊಡೋದು ಇದರ ಎಷ್ಟೋ ಪಟ್ಟು.

ನೋವಿನ ಜಾಗ ಇದಲ್ಲ, ಮುಂದೆ ಇದೆ. 2004ರಿಂದ ಪ್ರತಿ ಕೋಡ್ ಪಕ್ಕ ‘ಎಟಿ’ ಅಂತ ಎರಡಕ್ಷರ ಹಾಕಬೇಕು. ಅಂದ್ರೆ ಇದು ಸಕ್ರಿಯ ಚಿಕಿತ್ಸೆ, ರೋಗಿ ಸುಧಾರಿಸ್ತಿದ್ದಾನೆ ಅಂತ ಕೈರೊಪ್ರಾಕ್ಟರ್ ಕೊಡುವ ಮುಚ್ಚಳಿಕೆ. ಸುಧಾರಣೆ ನಿಂತ ದಿನದಿಂದ ಅದು ‘ಮೇಂಟೆನೆನ್ಸ್’, ಮೆಡಿಕೇರ್ ಕೊಡಲ್ಲ. ನಲವತ್ತು ವರ್ಷ ಟ್ರ್ಯಾಕ್ಟರ್ ಮೇಲೆ ಕೂತ ಬೆನ್ನು ಸುಧಾರಿಸಲ್ಲ. ತಿಂಗಳಿಗೊಮ್ಮೆ ತಿದ್ದಿಸಿಕೊಂಡರೆ ಎರಡು ವಾರ ಬಗ್ಗಿ ಬೂಟು ಹಾಕಿಕೊಳ್ಳಬಹುದು, ಅಷ್ಟೇ. ಆ ಎರಡು ವಾರಕ್ಕೆ ವಿಮೆಯ ಲೆಕ್ಕದಲ್ಲಿ ಬೆಲೆ ಇಲ್ಲ. ಇನ್ನೊಂದು ಕಡೆ, ಸುಧಾರಣೆಯೇ ಇಲ್ಲದವರಿಗೂ ಎಟಿ ಬರೆದು ದುಡ್ಡು ಎತ್ತಿದ್ದನ್ನ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಕಚೇರಿ ಮತ್ತೆಮತ್ತೆ ವರದಿ ಮಾಡಿದೆ. ಇಬ್ಬರ ಮೇಲೂ ನನಗೆ ಪೂರ್ತಿ ಸಿಟ್ಟು ಬರಲ್ಲ. ಮಿತಿ ಇಲ್ಲದೆ ಕೊಟ್ಟರೆ ವಾರಕ್ಕೆ ಮೂರು ಸಲ ಕರೆಸಿಕೊಳ್ಳೋರಿದ್ದಾರೆ.

ಬೇಲಿ ಸ್ವಲ್ಪ ಸಡಿಲಿಸಿದರೆ ಏನಾಗುತ್ತೆ ಅಂತ ಸರ್ಕಾರ ಒಮ್ಮೆ ಪ್ರಯೋಗವನ್ನೂ ಮಾಡಿತು. 2005ರಿಂದ 2007ರವರೆಗೆ ಮೇನ್, ನ್ಯೂ ಮೆಕ್ಸಿಕೊ, ಇಲಿನಾಯ್, ವರ್ಜೀನಿಯಾದ ಕೆಲವು ಭಾಗಗಳಲ್ಲಿ ಪರೀಕ್ಷೆ, ಎಕ್ಸ್‌ರೇ ಎಲ್ಲಕ್ಕೂ ದುಡ್ಡು ಕೊಟ್ಟು ನೋಡಿತು. ಖರ್ಚು ಸುಮಾರು 5 ಕೋಟಿ ಡಾಲರ್ ಏರಿತು, ಬಹುಪಾಲು ಶಿಕಾಗೊ ಸುತ್ತಮುತ್ತಲಿಂದ. ಖರ್ಚು ಏರಬಾರದು ಅಂತ ಕಾನೂನಿನಲ್ಲೇ ಷರತ್ತಿತ್ತು. ಹಾಗಾಗಿ 2010ರಿಂದ ಐದು ವರ್ಷ ದೇಶದ ಎಲ್ಲಾ ಕೈರೊಪ್ರಾಕ್ಟರ್‌ಗಳ ದರದಲ್ಲಿ 2% ಕಡಿದು ವಸೂಲಿ ಮಾಡಿದರು. ಶಿಕಾಗೊದವರು ತಿಂದ ಊಟಕ್ಕೆ ಟೆಕ್ಸಾಸಿನವನೂ ಬಿಲ್ ಕಟ್ಟಿದ. 2019ರಿಂದ ಈಚೆಗೆ ಈ ಬೇಲಿ ತೆಗೆಯುವ ಮಸೂದೆ ಮತ್ತೆಮತ್ತೆ ಸಂಸತ್ತಿಗೆ ಬರುತ್ತಿದೆ, ಪಾಸಾಗಿಲ್ಲ.

ಖಾಸಗಿ ವಿಮೆಯ ಲೋಕ ಇಷ್ಟು ಬಿಗಿಯಲ್ಲ. ಎಪ್ಪತ್ತರ ದಶಕದ ಹೊತ್ತಿಗೆ ಎಷ್ಟೋ ರಾಜ್ಯಗಳು ವಿಮೆ ಕಂಪನಿಗಳಿಗೆ ತಾರತಮ್ಯ ಬೇಡ ಅಂದಿದ್ದವು. ಕೆಲಸದಲ್ಲಿ ಪೆಟ್ಟಾದವರಿಗೆ ಸಿಗುವ ಪರಿಹಾರದಲ್ಲೂ ಇದಕ್ಕೆ ಜಾಗ ಸಿಕ್ಕಿತು. ಆದರೆ ಒಬಾಮಾ ಕಾಲದ ಕಾಯ್ದೆ ಬಂದಮೇಲೂ ಯಾವ ರಾಜ್ಯದಲ್ಲಿ ಎಷ್ಟು ಕಡ್ಡಾಯ ಅನ್ನೋದು ಒಂದೇ ಥರ ಇಲ್ಲ. ನಮ್ಮವರು ಆನ್‌ಸೈಟ್ ಹೋದಾಗ ಕೈಗೆ ಸಿಗೋ ಆ ದಪ್ಪ ಪಿಡಿಎಫ್‌ನಲ್ಲಿ ‘ಕೈರೊಪ್ರಾಕ್ಟಿಕ್: ವರ್ಷಕ್ಕೆ ಇಷ್ಟು ಭೇಟಿ’ ಅಂತ ಒಂದೇ ಸಾಲು ಇರುತ್ತೆ. ಆ ಸಾಲು ನೋಡಿ ಉಚಿತ ಅಂದುಕೊಳ್ಳಬೇಡಿ. ಭೇಟಿಗೆ ಕೊಪೇ ಬೇರೆ, ಡಿಡಕ್ಟಿಬಲ್ ಮುಗಿಯೋವರೆಗೆ ಪೂರ್ತಿ ನಿಮ್ಮದೇ ಇರಬಹುದು. ಹೋಗೋ ಕ್ಲಿನಿಕ್ ನಿಮ್ಮ ವಿಮೆಯ ನೆಟ್‌ವರ್ಕಿನಲ್ಲಿದೆಯಾ, ಮೊದಲ ದಿನದ ಪರೀಕ್ಷೆ ಮತ್ತು ಎಕ್ಸ್‌ರೇ ಬೇರೆ ಬಿಲ್ಲಾ, ಮುಂಚಿತ ಒಪ್ಪಿಗೆ ಬೇಕಾ ಅಂತ ಫೋನಿನಲ್ಲೇ ಕೇಳಿ. ಮೊದಲ ಭೇಟಿಯಲ್ಲೇ ‘ಮೂವತ್ತು ಸಿಟ್ಟಿಂಗ್ ಪ್ಯಾಕೇಜ್, ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಅಂದರೆ, ಬಿ.ಜೆ. ಪಾಮರ್‌ನ ಬಾಡಿಗೆ ಯಂತ್ರ ನೆನಪಿಸಿಕೊಂಡು ಮೆಲ್ಲಗೆ ಎದ್ದು ಬನ್ನಿ.

ಬೆಂಗಳೂರಲ್ಲೂ ಈಗ ಬೆನ್ನು ಕಟಕಟ ಅನ್ನಿಸೋ ವಿಡಿಯೋ, ಕ್ಲಿನಿಕ್ ಎರಡೂ ಹೆಚ್ಚಾಗಿವೆ. ನಮ್ಮಲ್ಲಿ ಈ ಕಸುಬಿಗೆ ಡಾಕ್ಟರು, ನರ್ಸುಗಳಿಗೆ ಇರೋ ಥರ ಶಾಸನಬದ್ಧ ಕೌನ್ಸಿಲ್ ಇಲ್ಲ, ಆಯುಷ್ ಪಟ್ಟಿಯಲ್ಲೂ ಇಲ್ಲ. ಕಂಪನಿ ಕೊಡುವ ಮೆಡಿಕ್ಲೇಮ್ ಬಹುತೇಕ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ. ಒಪಿಡಿ ಸೇರಿಸಿದ್ದರೂ ನೋಂದಾಯಿತ ವೈದ್ಯರ ಚೀಟಿ ಕೇಳ್ತಾರೆ. ಮೊನ್ನೆ ನಮ್ಮ ಟೀಮಿನ ಹುಡುಗನೊಬ್ಬ ಇಂಥ ಕ್ಲಿನಿಕ್ಕಿನ ರಸೀದಿ ಕ್ಲೇಮ್‌ಗೆ ಹಾಕಿದ, ವಾಪಸ್ ಬಂತು. ‘ಫಿಸಿಯೋಥೆರಪಿ ಅಂತ ಬರೆಸ್ಕೊಂಡು ಬನ್ನಿ, ಆಗ ನೋಡೋಣ’ ಅಂದರಂತೆ ಹೆಲ್ಪ್‌ಲೈನಿನವರು. ಅವನು ಹೋಗಿ ಕೇಳಿದ. ನಾವು ಮಾಡಿದ್ದು ಅದಲ್ಲವಲ್ಲ ಸಾರ್ ಅಂತ ಕ್ಲಿನಿಕ್ಕಿನ ಹುಡುಗಿ ಬರೆದುಕೊಡಲಿಲ್ಲ.